ಎಡಕ್ಕೊಂದ್ಸಲ, ಬಲಕ್ಕೊಂದ್ಸಲ

ಹಿಂದೂಪುರದಲ್ಲಿ ನಾವು ಬೈಕಿನವರು ಭಾನುವಾರ ಸೇರಿ ಗಾಡಿ ರಿಪೇರಿ ಮಾಡಿಕೊಳ್ಳುವಾಗ, ನಮ್ಮ ಜೊತೆ ಸೇರುತ್ತಿದ್ದ ಹಿರಿಯ ಮಗ್ಗದ ಯಜಮಾನರೊಬ್ಬರು ಯಾರನ್ನೂ ಸುಮ್ಮನೆ ಕಳಿಸುತ್ತಿರಲಿಲ್ಲ. "ಇಂಜಿನ್ ಓಡ್ತಿರ್ಲಿ. ಎಡಕ್ಕೊಂದ್ಸಲ, ಬಲಕ್ಕೊಂದ್ಸಲ ಹ್ಯಾಂಡಲ್ ಪೂರಾ ತಿರುಗ್ಸಪ್ಪ" ಎಂದು ಕಿವಿಗೊಟ್ಟು ನಿಲ್ಲುತ್ತಿದ್ದರು. ನಾವು ನಗುತ್ತಿದ್ದೆವು.

ಬೆನ್ನುನೋವಿಗೆಂದು ಹ್ಯಾಂಡಲ್ ಎತ್ತರಿಸಿಕೊಂಡ ದಿನ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕಲ್ಯಾಣದುರ್ಗಕ್ಕೆ ಹೊರಟಿದ್ದೆ. ಗೇರು ಹಾಕುವ ಮೊದಲೇ ಅವರು ಅಡ್ಡ ನಿಂತು ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರು. ನಾನು ಆಕ್ಸಿಲರೇಟರ್ ಮುಟ್ಟಿರಲಿಲ್ಲ; ಇಂಜಿನ್ ತಾನಾಗಿ ಅರಚಿತು. ಹೆಂಡತಿಯ ಉಗುರು ನನ್ನ ಭುಜಕ್ಕೆ ನಾಟಿತು.

ಅವರು ಕೀ ತಿರುಗಿಸಿ ಆಫ್ ಮಾಡಿದರು. "ದಿಗಮ್ಮಾ, ಇಳಿ ಮೊದ್ಲು!" ಎಂದು ಹೆಂಡತಿಗೆ ತೆಲುಗು ಬೆರೆಸಿ ಕೂಗಿ, ನನ್ನತ್ತ ತಿರುಗಿದರು. "ಹ್ಯಾಂಡಲ್ ಎತ್ರ ಆದ್ರೆ ಆಕ್ಸಿಲೇಟರ್ ಕೇಬಲ್ ಸಾಲ್ದು ಕಣಪ್ಪ, ತಿರುವ್ನಾಗೆ ತಾನೇ ಎಳ್ಕೊಂಬಿಡ್ತದೆ."

"ನಿಮಗೆಂಗೆ ಗೊತ್ತಾಯ್ತಣ್ಣ?" ಎಂದೆ.

ಅವರು ತಮ್ಮ ಗಾಡಿಯ ಹತ್ತಿರ ಹೋದರು. ಒಂದು ಕಾಲಕ್ಕೆ ಅವರ ಹೆಂಡತಿ ಕೂರುತ್ತಿದ್ದ ಅದರ ಹಿಂದಿನ ಸೀಟಿನ ಮೇಲೆ, ಯಾರೂ ಕೂರಲಾಗದಂತೆ, ಟೂಲ್ ಪೆಟ್ಟಿಗೆಯನ್ನು ಬಿಗಿದು ಕಟ್ಟಿದ್ದರು.