ಪನ್ನೀರಿನ ಶುಕ್ರವಾರ

ಇವತ್ತು ಅಣ್ಣನ ಜೊತೆ ಅವನ ಮಗಳನ್ನು ಸೇರಿಸಲು ಮತ್ತಿಗಿರಿಯ ಶಾಲೆಯೊಂದಕ್ಕೆ ಹೋಗಿದ್ದೆ. ಬಾಗಿಲಲ್ಲಿ ಹೊಸ ಮಕ್ಕಳಿಗೆ ಪನ್ನೀರು ಚಿಮುಕಿಸುತ್ತಿದ್ದರು. ಆ ಘಮ ನನ್ನನ್ನು ತಮಿಳು ಗಡಿಯ ಮೂಕಂಡಪಲ್ಲಿಯಲ್ಲಿ ಚಿಕ್ಕಂದಿನಲ್ಲಿ ಓದಿದ ನಮ್ಮ ಪುಟ್ಟ ಶಾಲೆಗೆ ಕರೆದೊಯ್ದಿತು.

ಅಲ್ಲಿ ಶುಕ್ರವಾರ ಮಧ್ಯಾಹ್ನ ಮಿಸ್ ನಮ್ಮ ಅಂಗೈಗೆ ಪನ್ನೀರು ಹಾಕಿ, ಕಣ್ಣು ಮುಚ್ಚಿಸಿ, ತಮಿಳಿನಲ್ಲಿ ಒಂದು ಪ್ರಾರ್ಥನೆ ಹೇಳಿಸುತ್ತಿದ್ದರು. ಒಂದು ಸಂಜೆ ಅಜ್ಜಿ ದೀಪ ಹಚ್ಚುವಾಗ ನಾನು ಅದನ್ನೇ ಹೇಳಿದೆ. ಫ್ಯಾಕ್ಟರಿಯಿಂದ ಬಂದ ಅಪ್ಪ ಶೂ ಬಿಚ್ಚುತ್ತಾ ನನ್ನನ್ನು ಕೇಳಿದ, "ಇದ್ಯಾವ ದೇವ್ರುದವ್ವಾ?"

"ಬಹಾಯಿ ಧರ್ಮದ್ದಂತೆ. ಎಲ್ಲಾ ದೇವ್ರೂ ಒಂದೇ ಅಂತಾರೆ ಮಿಸ್ಸು."

ಮರುದಿನ ಅಪ್ಪ ಶಾಲೆಗೆ ಬಂದ. ನನ್ನನ್ನು ಬಿಡಿಸಿಬಿಡುತ್ತಾನೆಂಬ ಭಯದಲ್ಲಿ ನಾನು ಅವನ ಷರ್ಟಿನ ತುದಿ ಹಿಡಿದುಕೊಂಡಿದ್ದೆ. ಅವನು ದನಿ ಏರಿಸಲಿಲ್ಲ. "ಒಳ್ಳೇದನ್ನೇ ಕಲಿಸ್ತಿದ್ದೀರಿ ಮಿಸ್. ಆದ್ರೆ ಒಂದ್ಮಾತು ನಮ್ಮನ್ನ ಕೇಳ್ಬೋದಿತ್ತಲ್ಲ?"

"ಕೇಳ್ಬೇಕಿತ್ತು ಸಾರ್," ಎಂದರು ಮಿಸ್.

ಶಾಲೆ ತಪ್ಪಲಿಲ್ಲ. ಆ ಪ್ರಾರ್ಥನೆ ಬೇಡ ಎಂದು ಅಪ್ಪ ಹೇಳಿದ್ದರಿಂದ ಶುಕ್ರವಾರ ಆ ಹೊತ್ತಿಗೆ ಮಾತ್ರ ನಾನು ಹೊರಗೆ ಹೊಂಗೆ ಮರದಡಿ ಕೂರಬೇಕಾಯಿತು. ನಾನೊಬ್ಬಳೇ ಆಗುತ್ತೇನೆಂದು ಅಜ್ಜಿ ಸೆರಗಿನಲ್ಲಿ ಕಡಲೆಕಾಯಿ ಕಟ್ಟಿಕೊಂಡು ಬಂದು ಜೊತೆಗೆ ಕೂರುತ್ತಿದ್ದಳು. ಕಿಟಕಿಯಿಂದ ಪ್ರಾರ್ಥನೆ ಕೇಳಿಬಂದರೆ, ಸುಲಿಯುವುದನ್ನು ನಿಲ್ಲಿಸಿ ಕೈಮುಗಿಯುವಳು.

"ಅಪ್ಪ ಬೇಡ ಅಂದೈತಲ್ಲಜ್ಜಿ?"

"ಬೇಡ ಅಂದಿದ್ದು ನಿಂಗೆ. ಈ ವಯಸ್ನಾಗೆ ನನ್ನ ಯಾರು ಕೆಡಿಸ್ತಾರೆ, ಸುಮ್ಕಿರು."

ಇವತ್ತು ಹೆಡ್ ಮಿಸ್ ಮುಂದೆ ಕೂತಾಗ, ಅಪ್ಪನ ಆ ಮಾತು ನೆನಪಾಗಿ, "ಇಲ್ಲಿ ಮಕ್ಕಳಿಗೆ ಯಾವ ಪ್ರಾರ್ಥನೆ ಹೇಳಿಸ್ತೀರಿ?" ಎಂದು ಕೇಳಿದೆ. ಹೊಸಬರೆದುರು ಬಾಯೇ ಬಿಡದ ನನ್ನನ್ನು ಅಣ್ಣ ತಿರುಗಿ ನೋಡಿದ.