ಒಪ್ಪಿಸುವ ಹೊತ್ತಿನ ಸ್ವರ

ಮಗಳ ಮದುವೆಯ ವಾದ್ಯಕ್ಕೆ ನಾನು ಕೊಟ್ಟದ್ದು ಎಂಟೂವರೆ ಸಾವಿರ. ವಾದ್ಯದವರು ಹೇಳಿದ್ದು ಹನ್ನೆರಡು. ಮೂರೂವರೆ ಇಳಿದದ್ದು ಹೇಗೆಂದರೆ, ಊಟದ ನಂತರದ ಹೊತ್ತನ್ನು ನಾನು ಕತ್ತರಿಸಿ ಬದಿಗಿಟ್ಟೆ. ದಿಬ್ಬಣ ಎದುರುಗೊಳ್ಳಲು ವಾದ್ಯ ಇರಲಿ, ಧಾರೆಗೆ ಇರಲಿ, ಮೊದಲ ಪಂಕ್ತಿ ಏಳುವವರೆಗೂ ಇರಲಿ. ಆಮೇಲೆ ಹೆಣ್ಣು ಒಪ್ಪಿಸುವ ಶಾಸ್ತ್ರಕ್ಕೆ ಬೇಡ ಎಂದೆ. ಹೆಣ್ಣು ಒಪ್ಪಿಸುವುದೆಂದರೆ ನಿಮಗೂ ಗೊತ್ತಿರಬಹುದು, ಹೊರಡುವ ಮುಂಚೆ ಮಗಳ ಕೈಯನ್ನು ಅವಳ ಅತ್ತೆ ಮಾವಂದಿರ ಕೈಯಲ್ಲಿಟ್ಟು, ಇನ್ನು ನಿಮ್ಮವಳು ಎನ್ನುವುದು. ನಮ್ಮ ಕುಂದಾಪುರದ ಕಡೆ ಆ ಹೊತ್ತಿಗೆಂದೇ ವಾದ್ಯದವರು ಸ್ಯಾಕ್ಸೊಫೋನಿನಲ್ಲಿ ಒಂದು ಸ್ವರ ಎತ್ತುತ್ತಾರೆ. ಕೇಳಿದವರು ಅಳುತ್ತಾರೆ, ನಮ್ಮ ಮಾತಿನಲ್ಲಿ ಮರ್ಕುತ್ತಾರೆ. "ಮರ್ಕುದಕ್ಕೂ ದುಡ್ಡ್ ಕೊಡ್ಕಾ ಮಾರಾಯ್ರೆ?" ಎಂದು ನಾನು ಕೇಳಿದಾಗ ನನ್ನ ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು. ನಾನೂ ನಕ್ಕಿದ್ದೆ.

ನಾಲ್ಕು ವರ್ಷದ ಹಿಂದಿನ ಮಾತು. ಇವತ್ತು ನೆನಪಾದದ್ದು ಯಡ್ತರೆಯ ರಘುರಾಮನಿಂದ. ಬೆಳಿಗ್ಗೆ ನಾನು ಅಂಗಡಿ ತೆರೆದು ಊದಿನಕಡ್ಡಿ ಹಚ್ಚುವುದರೊಳಗೆ ಬಂದು, ತನ್ನ ಮಗಳ ಮದುವೆಯ ಖರ್ಚಿನ ಪಟ್ಟಿಯನ್ನು ಗಲ್ಲಾದ ಮೇಲೆ ಹರವಿದ.

"ಇದ್ರಂಗೆ ಎಂತೆಂತ ಕಡ್ಮಿ ಮಾಡುಕಾತ್ತ್ ಕಾಣಿ. ವಾದ್ಯದ್ದ್ ನಾನೇ ಮಾಡಿದೆ, ನೀವ್ ಮಾಡ್ದಾಂಗೆ. ಊಟದ ತನಕ ಸಾಕ್ ಅಂದೆ."

ನನ್ನ ಜಾಣತನ ಊರಿಗೆ ಹಬ್ಬಿದೆ ಎಂದು ಗೊತ್ತಾದದ್ದು ಆಗ.

ಚೌಕಾಶಿ ನನ್ನ ಹೊಟ್ಟೆಪಾಡು. ಅದರ ಬಗ್ಗೆ ನನಗೆ ನಾಚಿಕೆ ಇಲ್ಲ. ಈಗ ಬೈಂದೂರಿನಲ್ಲಿ ನನ್ನದೇ ಪಾತ್ರೆ ಅಂಗಡಿ ಇದೆ. ಶುರುವಾದದ್ದು ಮಾತ್ರ ಸೈಕಲ್ಲಿನ ಹಿಂದೆ ಅಲ್ಯುಮಿನಿಯಂ ಪಾತ್ರೆ ಕಟ್ಟಿಕೊಂಡು, ಕೊಲ್ಲೂರಿನ ದಾರಿಯುದ್ದಕ್ಕೂ ಹಳೇ ಪಾತ್ರೆಗೆ ಹೊಸ ಪಾತ್ರೆ ಎಂದು ಕೂಗುತ್ತ. ಹಳೇ ಕಂಚನ್ನು ಬೆರಳ ಗಿಣ್ಣಿನಿಂದ ಬಡಿದು ಕಿವಿಗಿಟ್ಟುಕೊಂಡರೆ ಎಲ್ಲಿ ಬಿರುಕಿದೆ ಎಂದು ಹೇಳಬಲ್ಲೆ. ನನಗೆ ಬರುವ ಸಂಗೀತ ಅಷ್ಟೆ. ಸ್ಯಾಕ್ಸೊಫೋನಿನಲ್ಲಿ ಎಷ್ಟು ಸೇರು ಹಿತ್ತಾಳೆ ಇದೆ ಎಂದು ನೋಡುತ್ತಿದ್ದ ಮನುಷ್ಯ ನಾನು. ಅಂಥವನು ವಾದ್ಯದ ವಿಷಯದಲ್ಲಿ ಬುದ್ಧಿ ಹೇಳಲು ಕೂತಿದ್ದೇನೆ, ಸ್ವಲ್ಪ ತಾಳ್ಮೆ ಇರಲಿ.

ಮದುವೆಗೆ ಹತ್ತು ದಿನ ಇರುವಾಗ ಮನೆಗೆ ಸುಣ್ಣ ಬಣ್ಣ ನಡೆಯುತ್ತಿತ್ತು. ಚಾವಡಿಯ ಗೋಡೆಗೆ ತಿಳಿಹಸಿರು ಹೊಡೆಯಬೇಕೆಂದು ಮಗಳು ವಿನುತಾ ಹಟ ಹಿಡಿದಳು. ನನ್ನ ಹೆಂಡತಿ ಸರೋಜ ಬೆಳಗಿನಿಂದ ಹಪ್ಪಳ ಒಣಗಿಸಿ, ನೆಂಟರಿಗೆ ಫೋನು ಮಾಡಿ ದಣಿದಿದ್ದಳು. ಮುಖ ಎತ್ತದೆ ಒಂದು ಮಾತು ಹೇಳಿದಳು:

"ಹೋಪಳಿಗೆ ಗ್ವಾಡಿ ಬಣ್ಣ ಎಂತಕೆ? ಇಪ್ಪರಿಗೆ ಚಂದ ಕಂಡ್ರೆ ಸಾಕ್."

ಹೋಪಳು, ಅಂದರೆ ಹೋಗುವವಳು; ಇಪ್ಪರು, ಇರುವವರು. ತಮಾಷೆಗೆ ಹೇಳಿದ್ದಲ್ಲ, ಸಿಟ್ಟಿನಿಂದಲೂ ಅಲ್ಲ. ಕೆಲಸದ ನಡುವೆ ಬಾಯಿಗೆ ಬಂದದ್ದು. ವಿನುತಾ ಬಣ್ಣದ ಪಟ್ಟಿಯನ್ನು ಮಡಿಚಿಟ್ಟು ಒಳಗೆ ಹೋದಳು. ಆ ಹತ್ತು ದಿನ ಅಮ್ಮನ ಹತ್ತಿರ ಹ್ಞೂಂ, ಉಹ್ಞೂಂ ಬಿಟ್ಟರೆ ಮಾತಿಲ್ಲ. ಸರೋಜಳಿಗೆ ತಪ್ಪು ಗೊತ್ತಾಗಿತ್ತು. ಆದರೆ ಮನೆ ತುಂಬ ನೆಂಟರು. ಯಾವ ಮೂಲೆಗೆ ಹೋದರೂ ಒಬ್ಬರು ಸೀರೆ ಮಡಿಚುತ್ತಿರುತ್ತಾರೆ, ಇನ್ನೊಬ್ಬರು ಹೂ ಕಟ್ಟುತ್ತಿರುತ್ತಾರೆ. "ಒಪ್ಸತಿಗೆ ಹೇಳ್ತೆ. ಆಗಳ್ ಅವ್ಳ್ ನನ್ ಕೈಯಂಗೇ ಇರ್ತಳಲ್ದಾ," ಎಂದು, ಒಪ್ಪಿಸುವ ಹೊತ್ತಿಗೆ ಕೈ ಹಿಡಿದು ತಪ್ಪಾಯಿತೆನ್ನುವ ಅಂದಾಜಿನಲ್ಲಿ, ನನ್ನ ಹತ್ತಿರ ಒಮ್ಮೆ ಅಂದಳು. ನಾನು ಎಲೆ ಎಷ್ಟು ತರಿಸಬೇಕೆಂಬ ಯೋಚನೆಯಲ್ಲಿದ್ದೆ.

ಮದುವೆಯ ದಿನ ವಾದ್ಯದ ಮಂಜ ಸೇರಿಗಾರರು ಮಾತಿನಂತೆ ಊಟದವರೆಗೆ ನುಡಿಸಿ, ವಾದ್ಯವನ್ನು ಪೆಟ್ಟಿಗೆಗೆ ಇಳಿಸಿದರು. ಅರವತ್ತರ ಹತ್ತಿರದ ಆಳು, ಮಾತು ಕಡಿಮೆ. ಹೊರಡುವಾಗ ನನ್ನನ್ನು ಕರೆದರು.

"ಹ್ವಾಯ್, ಒಪ್ಸುದ್ ಎಷ್ಟೊತ್ತಿಗೆ?"

"ಮೂರ್ ಗಂಟಿಗೆ. ನಿಮ್ದ್ ಮುಗೀತಲೆ."

"ಬೇಕಾರೆ ನಿಲ್ತೆ. ಹೆಚ್ಚಿಗೆ ಎಂತದೂ ಕೊಡ್ಕಂದಿಲ್ಲೆ. ಹೆಣ್ಣ್ ಹೋಪತಿಗೆ ಒಂದ್ ಸ್ವರ ಇಲ್ದಿರೆ ಚಂದ ಅಲ್ಲ."

"ಬ್ಯಾಡ ಸೇರಿಗಾರ್ರೆ. ಮಾತ್ ಅಂದ್ರೆ ಮಾತ್."

ಯಾಕೆ ಬೇಡವೆಂದೆ, ಹೇಳುತ್ತೇನೆ. ಪುಕ್ಕಟೆ ತೆಗೆದುಕೊಂಡವನಿಗೆ ಮುಂದೆ ದರ ಇಳಿಸಲು ಬಾಯಿ ಏಳುವುದಿಲ್ಲ. ಇದು ವ್ಯಾಪಾರದಲ್ಲಿ ನಾನು ಕಲಿತ ಪಾಠ. ಅವರ ಋಣ ನನ್ನ ಮೇಲೆ ಬೀಳಬಾರದೆಂದು ಮಗಳ ಮದುವೆಯ ಚಪ್ಪರದಡಿಯಲ್ಲಿ ನಿಂತು ಲೆಕ್ಕ ಹಾಕಿದೆ. ಅವರು ತಲೆಯಾಡಿಸಿ ಬಸ್ಸಿಗೆ ನಡೆದರು.

ಮೂರು ಗಂಟೆಗೆ ಶಾಸ್ತ್ರ ಶುರುವಾಯಿತು. ಬೀಗರು, ನೆಂಟರು, ಊರವರು ಸುತ್ತ ನಿಂತರು. ನಿಂತವರೆಲ್ಲ ಸುಮ್ಮನಾದರು. ಹಿಂದೆ ಅಡಿಗೆಯವರು ಸೌಟು ತೊಳೆಯುವುದು ಕೇಳುತ್ತಿತ್ತು. ವೀಡಿಯೊದವನು "ಅಮ್ಮ, ಒಂಚೂರ್ ಈಚೆ ತಿರ್ಗಿ" ಎಂದದ್ದೂ ಎಲ್ಲರಿಗೆ ಕೇಳಿತು. ಸರೋಜ ಮಗಳ ಕೈ ಹಿಡಿದು ಬಾಯಿ ತೆರೆದಳು, ಸುತ್ತ ನೋಡಿದಳು, ಮುಚ್ಚಿದಳು. ಮತ್ತೆ ತೆರೆದು "ಹುಷಾರ್" ಎಂದಳು. ಮಗಳು "ಹ್ಞೂಂ" ಎಂದಳು. ಯಾರೂ ಅಳಲಿಲ್ಲ. ಮೂರು ನಿಮಿಷದಲ್ಲಿ ಎಲ್ಲ ಮುಗಿದು ಕಾರು ಹೊರಟಿತು. ಒಂದು ಡಜನ್ ಲೋಟ ಎಣಿಸಿ ಕೊಟ್ಟ ಹಾಗೆ ಸಲೀಸಾಗಿ ಆಯಿತಲ್ಲ ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟೆ.

ವಿನುತಾಳನ್ನು ಕೊಟ್ಟದ್ದು ಬ್ರಹ್ಮಾವರದ ಆಚೆ, ಕೊಕ್ಕರ್ಣೆಗೆ. ಬಸ್ಸಿನಲ್ಲಿ ಎರಡು ತಾಸು. ಆದರೂ ಅವಳು ತಾನಾಗಿ ಬರಲಿಲ್ಲ. ಮೊದಲ ದೀಪಾವಳಿಗೆ ಅಳಿಯನೊಂದಿಗೆ ಬಂದವಳು ಚಾವಡಿಯಲ್ಲೇ ಕೂತು, ಊಟ ಮಾಡಿ, ನೀರು ಕುಡಿದ ಲೋಟವನ್ನು ಮೇಜಿನ ಮೇಲೇ ಬಿಟ್ಟು ಎದ್ದಳು. ಲೋಟ ಮೇಜಿನ ಮೇಲೆ ಬಿಡುವವರು ನೆಂಟರು. ಮನೆಯವರು ಒಳಗೆ ಕೊಂಡುಹೋಗಿ ಇಡುತ್ತಾರೆ. ಇನ್ನೆರಡು ದಿನ ನಿಲ್ಲು ಎಂದು ಸರೋಜ ಕೇಳಿದ್ದಕ್ಕೆ, "ಹೋಪಳ್ ಹೋಯ್ಕಲೆ ಅಮ್ಮ" ಎಂದು ನಗುತ್ತಲೇ ಹೇಳಿದಳು. ಆ ನಗು ನೋಡಲಿಕ್ಕಾಗಲಿಲ್ಲ.

ಅವರು ಹೋದ ಮೇಲೆ ಸರೋಜ ಆ ಲೋಟವನ್ನು ತೊಳೆದಳು, ಇನ್ನೊಮ್ಮೆ ತೊಳೆದಳು. "ಆ ಮಾತ್ ನಾ ಹೇಳುಕಾಗ್ದಿತ್ತ್. ಒಪ್ಸತಿಗಾರೂ ಹೇಳ್ವ ಅಂದ್ರೆ ಅಷ್ಟ್ ಜನ ಕಿವಿ ಕೊಟ್ಟ್ ನಿಂತಿದ್ರ್. ಹ್ಯಾಂಗ್ ಹೇಳುದ್?" ಎಂದಳು. ವಾದ್ಯದ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ನಾನು ವಾದಿಸುತ್ತಿದ್ದೆ. ಎತ್ತದಿದ್ದುದರಿಂದ ಮರುದಿನ ಬೆಳಿಗ್ಗೆ, ಕತ್ತರಿಸಿದ ಹೊತ್ತನ್ನು ತಿರುಗಿ ಕೊಳ್ಳಲು, ಸೇರಿಗಾರರ ಮನೆಗೆ ಹೋದೆ.

ಅವರು ಜಗುಲಿಯಲ್ಲಿ ಕೂತು ಬಟ್ಟೆಯಿಂದ ವಾದ್ಯ ಒರೆಸುತ್ತಿದ್ದರು.

"ಹನ್ನೆರಡ್ ಸಾವ್ರ ಕೊಡ್ತೆ. ನೀವ್ ಒಬ್ರೇ ಬನ್ನಿ. ಹತ್ತ್ ನಿಮಿಷದ ಕೆಲ್ಸ."

"ಯಾರ್ ಮದಿ?"

"ಮದಿ ಅಲ್ಲ. ಮಗಳನ್ನ ಒಂದ್ಸಲ ಮನಿಗೆ ಕರ್ಸ್ತೆ. ಅವ್ಳ್ ಹೊರ್ಡತಿಗೆ ಆ ಸ್ವರ ಊದ್ಕ್."

ಅವರು ಒರೆಸುವುದನ್ನು ನಿಲ್ಲಿಸಿದರು. "ಹಾಂಗೆಲ್ಲ ಊದುಕಿಲ್ಲೆ. ಹೆಣ್ಣ್ ಒಪ್ಸತಿಗೆ ಬಿಟ್ರೆ ಆ ಸ್ವರ ತೆಗೂಕಾಗ ಅಂದೇಳಿ ನಮ್ಮ್ ಅಪ್ಪಯ್ಯ ಹೇಳಿರ್."

"ಮತ್ತೆ ಅಭ್ಯಾಸ ಮಾಡುದ್ ಎಲ್ಲಿ?"

"ಅಭ್ಯಾಸ ಇಲ್ಲೆ. ಮದಿಯಂಗೇ ಕಲ್ತದ್, ಮದಿಯಂಗೇ ಊದುದ್."

"ಹದಿನೈದ್."

"ನೀವ್ ಮೇಲ್ ಹತ್ತುದ್ ಇವತ್ತೇ ಕಂಡದ್," ಎಂದು ಅವರು ಸಣ್ಣಗೆ ನಕ್ಕರು. ನಾನು ನಗಲಿಲ್ಲ ಎಂದು ಕಂಡು ಅವರ ನಗುವೂ ನಿಂತಿತು. ವಾದ್ಯವನ್ನು ಪೆಟ್ಟಿಗೆಗಿಟ್ಟು ಹೇಳಿದರು: "ಬಪ್ಪ ಆಯ್ತವಾರ ಕೊಕ್ಕರ್ಣೆಯಂಗೆ ಒಂದ್ ಮದಿ ಇತ್ತ್. ಅಲ್ಲ್ ಊದುಕಿತ್ತ್. ಕೇಂಬುದಾರೆ ಅಲ್ಲಿಗೇ ಬನ್ನಿ. ನಿಮ್ಮನಿಯರನ್ನೂ ಕರ್ಕಂಡ್ ಬನ್ನಿ."

ಮದುಮಗಳು ನಮ್ಮ ಬೀಗರ ನೆರೆಮನೆಯವಳಂತೆ. ವಿನುತಾ ಇದ್ದೇ ಇರುತ್ತಾಳೆ. ಆದರೆ ನಮಗೆ ಕರೆಯೋಲೆ ಇಲ್ಲ. ಜೀವಮಾನದಲ್ಲಿ ಕರೆಯದೆ ಒಂದು ಮನೆಗೂ ಉಣ್ಣಲು ಹೋಗದ ನಾನು ಬೀಗರಿಗೆ ಫೋನು ಮಾಡಿ, ನಿಮ್ಮ ನೆರೆಯವರ ಮದುವೆಗೆ ನಾವೂ ಬರುತ್ತೇವೆ ಎಂದೆ. ಬೀಗರು "ಅಡ್ಡಿಲ್ಲೆ, ಬನ್ನಿ. ಅಡಿಗಿ ಭಟ್ರ್ ಒಳ್ಳೆಯವ್ರಂಬ್ರ್" ಎಂದರು. ಊಟದ ಆಸೆಗೆ ಎಂದುಕೊಂಡಿರಬೇಕು. ಆ ನಾಚಿಕೆಗೆ ಅಂಗಡಿಯಿಂದ ಒಂದು ದೊಡ್ಡ ಹಿತ್ತಾಳೆಯ ಉರುಳಿ ಪಾತ್ರೆಯನ್ನು ಉಡುಗೊರೆಗೆಂದು ಹೊತ್ತುಕೊಂಡು ಹೋದೆ.

ಅಲ್ಲಿಯೂ ಮೂರರ ಹೊತ್ತಿಗೇ ಒಪ್ಪಿಸುವ ಶಾಸ್ತ್ರ. ಗುಂಪಿನ ಈಚೆಗೆ ನಾನು, ಸರೋಜ. ಆಚೆ ಬದಿಯಲ್ಲಿ ಅತ್ತೆಯ ಪಕ್ಕದಲ್ಲಿ ವಿನುತಾ. ಸೇರಿಗಾರರು ಕೈಯೆತ್ತಿದ್ದೇ ಡೋಲು ನಿಂತಿತು, ತಾಳ ನಿಂತಿತು. ಮೊದಲು ಬಂದದ್ದು ಸ್ವರವೇ ಅಲ್ಲ, ಬರೀ ಉಸಿರು. ಆಮೇಲೆ ಕೆಳಗಿನಿಂದ, ಯಾರೋ ಗಂಟಲು ಕಟ್ಟಿದವರು ಹೆಸರು ಹಿಡಿದು ಕರೆದ ಹಾಗೆ, ಒಂದು ಸ್ವರ ಎದ್ದಿತು. ಮೇಲೆ ಹೋಗುತ್ತದೆ ಎಂದುಕೊಂಡರೆ ಹೋಗಲಿಲ್ಲ. ಅರ್ಧಕ್ಕೆ ನಿಂತು, ತಿರುಗಿ ಬಂದು, ಮತ್ತೆ ಕರೆಯಿತು. ಅದು ಯಾವ ರಾಗವೋ ನನಗೆ ತಿಳಿಯದು. ಮೊಬೈಲು ಎತ್ತಿ ಹಿಡಿದಿದ್ದ ಗಂಡಿನ ಕಡೆಯ ಹುಡುಗರು ಅದನ್ನು ಕೆಳಗಿಳಿಸಿದರು. ಅಡಿಗೆ ಭಟ್ಟರು ಸೌಟು ಹಿಡಿದೇ ಬಂದು ನಿಂತರು. ಒಬ್ಬ ಮುದುಕ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಹಚ್ಚುತ್ತಲೇ ಉಳಿದ. ಮುಖ ನೋಡಿ ಗಿರಾಕಿಯನ್ನು ಅಳೆಯುವುದು ನನ್ನ ಕಸುಬು. ಅಲ್ಲಿ ಒಂದು ಮುಖವನ್ನೂ ಅಳೆಯಲಾಗಲಿಲ್ಲ. ಚೆಂಡು ಹೂವಿನ ಧೂಳಿಗೆ ನನಗೆ ಮೂಗು ಸೋರುತ್ತದೆ, ಅದೇ ಇರಬೇಕೆಂದು ಟವೆಲಿನಿಂದ ಒರೆಸಿಕೊಂಡೆ. ಒರೆಸಿ ನೋಡಿದರೆ ಸರೋಜ ಪಕ್ಕದಲ್ಲಿಲ್ಲ.

ಅವಳು ಗುಂಪಿನ ಹಿಂದಿನಿಂದ ಸುತ್ತಿ ಆಚೆಗೆ ಹೋಗಿದ್ದಳು. ವಿನುತಾ ಅಮ್ಮನನ್ನು ನೋಡಿದಳು, ನೋಡಿ ಎರಡು ಹೆಜ್ಜೆ ಈಚೆ ಬಂದಳು. ಸರೋಜ ಮಗಳ ಕಿವಿಯ ಹತ್ತಿರ ಬಾಯಿ ಇಟ್ಟು ಏನೋ ಹೇಳಿದಳು. ಮಗಳು ಏನೋ ಹೇಳಿದಳು. ಇಬ್ಬರೂ ಅಳುತ್ತಿದ್ದರು, ಅಳುತ್ತ ಮಾತಾಡುತ್ತಿದ್ದರು, ಯಾರೂ ಅವರನ್ನು ನೋಡುತ್ತಿರಲಿಲ್ಲ. ಅಳುವ ಇನ್ನೂರು ಜನರಲ್ಲಿ ಇಬ್ಬರು ಹೆಂಗಸರು ಅಷ್ಟೆ. ನನಗೆ ಬಾಯಿ ಆಡುವುದು ಕಂಡಿತೇ ಹೊರತು ಒಂದು ಅಕ್ಷರ ಕೇಳಲಿಲ್ಲ. ಸ್ವರ ಅದರ ಮೇಲೆ ಹಾಸಿಕೊಂಡಿತ್ತು.

ಆಗ ನನಗೆ ಹೊಳೆಯಿತು. ಆ ಸ್ವರ ಇರುವುದು ಅಳಿಸಲಿಕ್ಕೆ ಎಂದು ನಾನು ತಿಳಿದಿದ್ದೆ. ಅಳು ಹೇಗೂ ಬರುತ್ತದೆ. ಧಾರೆಯ ಹೊತ್ತಿಗೆ ಹುಡುಗ ಹುಡುಗಿಯ ನಡುವೆ ಒಂದು ಅಂತರಪಟ ಹಿಡಿಯುತ್ತಾರಲ್ಲ, ಅಂಥದೇ ಒಂದು ಮರೆಯನ್ನು ತಾಯಿ ಮಗಳ ಸುತ್ತ ಹಿಡಿಯುವುದು ವಾದ್ಯದ ಕೆಲಸ. ಸದ್ದಿಲ್ಲದ ಚಪ್ಪರದಲ್ಲಿ ಯಾರು ತಾನೇ ತಪ್ಪಾಯಿತು ಎನ್ನುತ್ತಾರೆ? ಊರೇ ಕೇಳಿಸಿಕೊಳ್ಳುತ್ತದೆ. ನಾನು ಮೂರೂವರೆ ಸಾವಿರಕ್ಕೆ ಕಿತ್ತು ಹಾಕಿದ್ದು ಆ ಮರೆಯನ್ನು.

ಅದಾದ ವಾರದಲ್ಲಿ ವಿನುತಾ ಬಂದು ಎಂಟು ದಿನ ಇದ್ದಳು. ಅಡಿಗೆಮನೆಯಲ್ಲಿ ತಾಯಿ ಮಗಳು ಸಾರಿನ ಹುಳಿಗೆ ಜಗಳವಾಡುವುದು ಕೇಳಿ ನಾನು ಎರಡು ದಿನ ಅಂಗಡಿಗೆ ತಡವಾಗಿ ಹೋದೆ. ಆವತ್ತು ಏನು ಹೇಳಿಕೊಂಡಿರಿ ಎಂದು ಇಬ್ಬರನ್ನೂ ಕೇಳಿಲ್ಲ. ಕೇಳುವ ಹಕ್ಕು ನನಗಿಲ್ಲ. ಮಗಳಿಗೆ ನಾನು ಹೇಳಬೇಕಾದದ್ದು ಸಹ ಒಂದೆರಡು ಮಾತು ಇತ್ತು, ಇನ್ನೂ ಹೇಳಿಲ್ಲ. ಒಪ್ಪಿಸಲು ನನಗೆ ಇನ್ನೊಬ್ಬ ಮಗಳಿಲ್ಲ.

ರಘುರಾಮನಿಗೆ ಇಷ್ಟು ಉದ್ದ ಹೇಳಲಿಲ್ಲ. ವಾದ್ಯದವರಿಗೆ ಈಗಲೇ ಫೋನು ಮಾಡಿ ಕಾರು ಹೊರಡುವವರೆಗೆ ಇರಲು ಹೇಳು ಎಂದೆ. ಅವನು ನನ್ನನ್ನು ಅನುಮಾನದಿಂದ ನೋಡಿದ, ವಾದ್ಯದವರ ಹತ್ತಿರ ನನಗೇನೋ ಕಮಿಷನ್ ಇದೆ ಎಂಬ ಹಾಗೆ.

ನಿಮಗೂ ಹೇಳಿಬಿಡುತ್ತೇನೆ, ಮನೆಯಲ್ಲಿ ಮದುವೆ ಇದ್ದರೆ ಉಪಯೋಗಕ್ಕೆ ಬಂದೀತು. ಚೌಕಾಶಿ ಮಾಡಿ, ಚಪ್ಪರದ ಬಟ್ಟೆಗೆ ಮಾಡಿ, ಹೂವಿಗೆ ಮಾಡಿ, ಐಸ್‌ಕ್ರೀಮಿಗಂತೂ ಖಂಡಿತ ಮಾಡಿ. ಒಪ್ಪಿಸುವ ಹೊತ್ತಿನ ವಾದ್ಯಕ್ಕೆ ಮಾಡಬೇಡಿ. ಊದುವವರು ಹೊಟ್ಟೆ ತುಂಬ ಉಂಡರೆ ಉಸಿರು ಹಿಡಿದು ಊದಲಾಗುವುದಿಲ್ಲ, ಅದಕ್ಕೇ ಅವರು ಕೊನೆಗೆ ಉಣ್ಣುತ್ತಾರೆ. ಅವರಿಗೆ ಎಲೆ, ಪಾಯಸ ತೆಗೆದಿಡಲು ಅಡಿಗೆಯವರಿಗೆ ಬೆಳಿಗ್ಗೆಯೇ ಹೇಳಿ. ಮೈಕು ಆರಿಸಿ. ವೀಡಿಯೊದವನನ್ನು ಆ ಹೊತ್ತಿಗೆ ಊಟಕ್ಕೆ ಕಳಿಸಿ. ಕೈಚೀಲ, ಬೀಗದಕೈ ಗೊಂಚಲು ಯಾರ ಕೈಗಾದರೂ ಕೊಟ್ಟು, ತಂದೆಯಾದವನೂ ಮಗಳ ಕಿವಿಗೆ ಹತ್ತಿರ ನಿಲ್ಲಲಿ. ಆ ಸ್ವರ ಹೆಚ್ಚೆಂದರೆ ಹತ್ತು ನಿಮಿಷ. ಅರ್ಧ ಹೊತ್ತು ನಿಮ್ಮ ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಹೋಗುತ್ತದೆ. ಆದ್ದರಿಂದ ಕೊನೆಗೆಂದು ಕಾಯಬೇಡಿ, ವಾದ್ಯದ ಮೊದಲ ಉಸಿರು ಕೇಳಿಸಿದ ಕೂಡಲೇ ಹೇಳಲು ಶುರುಮಾಡಿ.