ಕಾವಲುಗಾರನ ಮಗಳು ಬರೆದ ವಿಮರ್ಶೆ

ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಹುಡುಗರು ಆಕೆಗೆ ಇಟ್ಟಿದ್ದ ಹೆಸರು ಅಡಿಟಿಪ್ಪಣಿ. ಒಂದು ಮಾತು ಹೇಳಿದರೆ, ಅದು ಯಾವ ಪುಸ್ತಕದ ಎಷ್ಟನೇ ಪುಟದ್ದು ಎಂದು ತಿಳಿಸದೆ ಬಿಡುತ್ತಿರಲಿಲ್ಲ. ವಿಶ್ವವಿದ್ಯಾಲಯದ ತ್ರೈಮಾಸಿಕಕ್ಕೆ ಹದಿನಾರು ವರ್ಷಗಳಿಂದ ಸಿನಿಮಾ ವಿಮರ್ಶೆ ಬರೆಯುತ್ತಿದ್ದಳು. ಬರಹ ಅಚ್ಚಾಗುವ ಹೊತ್ತಿಗೆ ಚಿತ್ರ ಥಿಯೇಟರು ಬಿಟ್ಟು ವರ್ಷವಾಗಿರುತ್ತಿತ್ತು. "ಬಸ್ಸು ಹೋದ್ಮೇಲೆ ಕೈ ಅಡ್ಡ ಹಾಕ್ತೀಯಲ್ಲೇ," ಎಂದು ಅಪ್ಪ ನಗುತ್ತಿದ್ದ.

ಎರಡು ಕೋಣೆಯ ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಅಪ್ಪ ಹಿಂದೆ ಉಡುಪಿನ ಕಾರ್ಖಾನೆಯೊಂದರಲ್ಲಿ ಕಾವಲುಗಾರನಾಗಿದ್ದ. ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಅಲ್ಲಿ ಬೆಂಕಿ ಬಿದ್ದು ಇಪ್ಪತ್ತೊಂದು ಹೆಂಗಸರು ಸತ್ತಿದ್ದರು. "ಆವತ್ತು ಜ್ವರ, ರಜ ಹಾಕಿದ್ದೆ," ಎಂದು ಅಪ್ಪ ಕೇಳಿದವರಿಗೆಲ್ಲ ಹೇಳುತ್ತಿದ್ದ. ಅವಳೂ ನಂಬಿದ್ದಳು.

ಆ ಬೆಂಕಿಯ ಬಗ್ಗೆ ಯಾರೋ ಸಾಕ್ಷ್ಯಚಿತ್ರ ತೆಗೆದರು. ಸಂಪಾದಕರು ಅದನ್ನು ವಿಮರ್ಶೆಗೆ ಅವಳಿಗೇ ಕಳಿಸಿದರು. ಬದುಕುಳಿದ ಹೆಂಗಸೊಬ್ಬಳು ಅದರಲ್ಲಿ ಹೇಳಿದಳು: "ಹೊರಗಿಂದ ಬೀಗ ಹಾಕಿತ್ತು. ಕಾವಲಿನವನು ಓಡಿಹೋದ." ಮುಂದಿನ ದೃಶ್ಯದಲ್ಲಿ ಆ ದಿನದ ಹಾಜರಿ ಪುಸ್ತಕ. ಅದರಲ್ಲಿ ಅಪ್ಪನ ಓರೆ ಸಹಿ. ಅವಳು ಚಿತ್ರವನ್ನು ಅಲ್ಲೇ ನಿಲ್ಲಿಸಿ, ಕಾಲೇಜಿನ ವಿಭಾಗದ ಕೋಣೆಯಿಂದ ಎದ್ದು ಹೊರಟಳು.

ಮನೆಗೆ ಬಂದಾಗ ಅಪ್ಪ ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದ.

"ಅಪ್ಪಾ, ಆವತ್ತು ನಿಜವಾಗ್ಲೂ ನಿಂಗೆ ಜ್ವರ ಇತ್ತಾ?"

ಅವನ ಕೈ ನಿಂತಿತು. "ಬೀಗ ಹಾಕಿದ್ದು ನಾನೇ. ಬಟ್ಟೆ ಕಳುವಾಗ್ತಿದೆ, ಊಟದ ಗಂಟೆವರೆಗೂ ತೆಗೀಬೇಡ ಅಂದಿದ್ರು ಮ್ಯಾನೇಜರು. ಹೊಗೆ ಕಂಡಿದ್ದೇ ಓಡ್ಬಿಟ್ಟೆ. ಗೇಟು ದಾಟಿ ನೋಡ್ತೀನಿ, ಬೀಗದ ಕೈ ಜೇಬಲ್ಲೇ ಇದೆ. ಜ್ವರ ಇತ್ತು ಅಂತ ಹೇಳೋಕೆ ಆಮೇಲೆ ಅವರೇ ಹೇಳ್ಕೊಟ್ರು."

"ತಿರುಗಿ ಹೋಗ್ಬಹುದಿತ್ತಲ್ಲ?"

"ಹೋಗ್ಬಹುದಿತ್ತು."

ಮಾರನೆಯ ದಿನ ಅವಳು ಸಂಪಾದಕರಿಗೆ ವಿಷಯ ತಿಳಿಸಿದಳು. "ಹಾಗಿದ್ರೆ ನೀವು ಬರೆಯೋ ಹಾಗಿಲ್ಲ, ನಿಯಮ ನಿಮಗೇ ಗೊತ್ತು," ಎಂದರು ಅವರು. "ಸಂಬಂಧ ಏನು ಅಂತ ಹೇಳಿಯೇ ಬರೀತೀನಿ ಸರ್," ಎಂದಳು. ಎರಡು ದಿನ ಯೋಚಿಸಿ ಅವರು ಒಪ್ಪಿದರು. ಬರೆದದ್ದನ್ನು ಕಳಿಸುವ ಮೊದಲು ಅಪ್ಪನಿಗೆ ಓದಿ ಹೇಳಿದಳು: ಕಾವಲುಗಾರ ಓಡಿಹೋದದ್ದು ನಿಜ, ಬೀಗ ಹಾಕಿಸಿದ್ದು ಯಾರೆಂದು ಕೇಳದೆ ಬಿಟ್ಟಿರುವುದು ಈ ಚಿತ್ರದ ದೋಷ, ಆ ಕಾವಲುಗಾರ ನನ್ನ ತಂದೆ.

"ಬೇಡ ಅಂದ್ರೆ ಹರಿದು ಹಾಕ್ತೀನಪ್ಪಾ."

"ಕಳಿಸು," ಎಂದ ಅಪ್ಪ.

ಸಂಚಿಕೆ ಬಂತು. ಓದಿದವರು ಬೆರಳೆಣಿಕೆಯಷ್ಟು ಜನ. ಮ್ಯಾನೇಜರು ಸತ್ತು ಎಷ್ಟೋ ವರ್ಷವಾಗಿತ್ತು. ಯಾರ ಮೇಲೂ ಕೇಸಾಗಲಿಲ್ಲ. ಒಂದು ಭಾನುವಾರ ಮಾತ್ರ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಮನೆ ಹುಡುಕಿಕೊಂಡು ಬಂದಳು. ಪತ್ರಿಕೆ ಅಚ್ಚಾಗುವ ಮುದ್ರಣಾಲಯದಲ್ಲಿ ಪುಟ ಮಡಿಸುವ ಕೆಲಸ ಅವಳದು. ಮಡಿಸುವಾಗ ಕಣ್ಣಿಗೆ ಬಿದ್ದು ಓದಿದ್ದಳಂತೆ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಮ್ಮಕ್ಕ ಬಾಗಿಲ ಹತ್ರದ ಮಿಷನ್ನಲ್ಲಿ ಕೂರ್ತಿದ್ಲು," ಎಂದು ಅಪ್ಪನನ್ನು ನೇರ ನೋಡಿದಳು. "ಬಾಗಿಲು ಬಡಿದಿದ್ದು ನಿಮಗೆ ಕೇಳಿಸ್ತಾ?"

"ಅವರಿಗೆ ಹುಷಾರಿಲ್ಲ, ದಯವಿಟ್ಟು..." ಎಂದು ಮಗಳು ಅಡ್ಡ ಬಂದಳು. ಅಪ್ಪ ಕೈಯೆತ್ತಿ ಅವಳನ್ನು ತಡೆದ.

"ಕೇಳಿಸ್ತಮ್ಮ. ಗೇಟು ದಾಟೋವರೆಗೂ ಕೇಳಿಸ್ತಾನೇ ಇತ್ತು."

ಆ ಹೆಂಗಸು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಹೊಗೆಗೇ ಪ್ರಜ್ಞೆ ತಪ್ಪಿತ್ತು, ಏನೂ ಗೊತ್ತಾಗ್ದೆ ಹೋದ್ಲು ಅಂತ ಎಲ್ರೂ ಹೇಳಿದ್ರು. ನಮ್ಮಮ್ಮ ಅದನ್ನೇ ನಂಬ್ಕೊಂಡು ಕಣ್ಮುಚ್ಚಿದ್ಲು," ಎಂದವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಅಪ್ಪ ಅಂದಿನಿಂದ ಮಾತು ಕಡಿಮೆ ಮಾಡಿದ, ಆಮೇಲೆ ಊಟ. ಐದನೇ ತಿಂಗಳಿಗೆ ತೀರಿಕೊಂಡ.

ಬರೆದದ್ದು ತಪ್ಪಲ್ಲ ಎಂದೇ ಅವಳು ಈಗಲೂ ಹೇಳುತ್ತಾಳೆ. ಆದರೆ ಕಾಲೇಜಿಗೆ ಹೋಗುವಾಗ ಮುದ್ರಣಾಲಯದ ರಸ್ತೆ ಹಿಡಿಯುವುದಿಲ್ಲ; ಎರಡು ಬೀದಿ ಸುತ್ತು ಹಾಕಿಕೊಂಡು ಹೋಗುತ್ತಾಳೆ.